ಬಿಪಿ ಮಾತ್ರೆ ಬಿಡುವುದೋ, ಬದಲಿಸುವುದೋ: ಗರ್ಭಕ್ಕೆ ಮುನ್ನ, ಗರ್ಭಾವಸ್ಥೆಯಲ್ಲಿ, ಹಾಲೂಡಿಸುವಾಗ

ಅಧಿಕ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ಮಹಿಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ಮಗು ಬೇಕೆಂದುಕೊಂಡಿದ್ದೇವೆ, ಈಗಿನ ಮಾತ್ರೆಯನ್ನೇ ಮುಂದುವರಿಸಬಹುದೇ? ಗರ್ಭ ನಿಂತಿದೆ, ಇಂದಿನಿಂದಲೇ ಮಾತ್ರೆ ಬಿಟ್ಟುಬಿಡಬೇಕೇ? ಹೆರಿಗೆಯಾಗಿದೆ, ಮಾತ್ರೆ ನುಂಗಿ ಹಾಲು ಕುಡಿಸಿದರೆ ಮಗುವಿಗೆ ತೊಂದರೆಯಾಗುತ್ತದೆಯೇ? ಮೂರಕ್ಕೂ ಉತ್ತರದ ತಿರುಳು ಒಂದೇ ಆಗಿದೆ. ಕೆಲವು ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ನಿಜಕ್ಕೂ ಅಪಾಯಕಾರಿ. ಆದರೆ ಅವುಗಳ ಜಾಗದಲ್ಲಿ ಕೊಡಬಹುದಾದ, ದಶಕಗಳ ಬಳಕೆಯಿರುವ ಬೇರೆ ಮಾತ್ರೆಗಳಿವೆ. ಆದ್ದರಿಂದ ಹೆಚ್ಚಿನವರು ಮಾಡಬೇಕಾದದ್ದು ಮಾತ್ರೆಯನ್ನು ಬದಲಿಸಿಕೊಳ್ಳುವುದು. ಭಯದಿಂದ ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಿದರೆ ಹತೋಟಿ ತಪ್ಪಿದ ಒತ್ತಡವು ತಾಯಿಗೆ ಪಾರ್ಶ್ವವಾಯು, ಮಾಸು ಅವಧಿಗೆ ಮೊದಲೇ ಕಳಚಿಕೊಳ್ಳುವುದು, ಮಗುವಿನ ಬೆಳವಣಿಗೆ ಕುಂಠಿತವಾಗುವುದು, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುವುದು ಮುಂತಾದ ತೊಂದರೆಗಳಿಗೆ ದಾರಿ ಮಾಡುತ್ತದೆ.

ಮುಂದೆ ಬರುವ ಕೆಲವು ಪದಗಳನ್ನು ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು. ಗರ್ಭ ಧರಿಸುವ ಮೊದಲೇ ಇದ್ದ ಅಥವಾ ಗರ್ಭದ 20 ವಾರಗಳೊಳಗೆ ಪತ್ತೆಯಾದ ಅಧಿಕ ಒತ್ತಡಕ್ಕೆ ದೀರ್ಘಕಾಲಿಕ ರಕ್ತದೊತ್ತಡ ಎನ್ನುತ್ತಾರೆ. 20 ವಾರಗಳ ನಂತರ ಹೊಸದಾಗಿ ಕಾಣಿಸಿಕೊಂಡರೆ ಅದು ಗರ್ಭಾವಸ್ಥೆಯ ರಕ್ತದೊತ್ತಡ. ಹೀಗೆ ಏರಿದ ಒತ್ತಡದ ಜೊತೆಗೆ ಮೂತ್ರದಲ್ಲಿ ಪ್ರೋಟೀನು ಹೋಗುವುದು ಇಲ್ಲವೇ ಯಕೃತ್ತು, ಮೂತ್ರಪಿಂಡ ಅಥವಾ ರಕ್ತಕಣಗಳಿಗೆ ಪೆಟ್ಟು ಬೀಳುವುದು ಸೇರಿಕೊಂಡರೆ ಅದನ್ನು ಪ್ರೀಎಕ್ಲಾಂಪ್ಸಿಯಾ ಅಥವಾ ಗರ್ಭನಂಜು ಎಂದು ಕರೆಯುತ್ತಾರೆ. ಅದು ಫಿಟ್ಸ್‌ ಬರುವ ಮಟ್ಟಕ್ಕೆ ಹೋದರೆ ಎಕ್ಲಾಂಪ್ಸಿಯಾ. ಮೊದಲಿನಿಂದಲೇ ಬಿಪಿ ಇರುವವರಲ್ಲಿ ಗರ್ಭನಂಜಿನ ಸಾಧ್ಯತೆ ಇತರರಿಗಿಂತ ಹೆಚ್ಚು. ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಂಬುದು ನೆನಪಿರಲಿ.

ನಿಮ್ಮ ಬಳಿ ಇರಬೇಕಾದವು ಇಷ್ಟೇ: ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು, ತೋಳಿಗೆ ಸುತ್ತುವ ಬಿಪಿ ಯಂತ್ರ, ಒಂದು ನೋಟ್‌ಬುಕ್‌. ಮಾತ್ರೆಯ ಪ್ರಮಾಣವನ್ನು ಈ ಲೇಖನದಲ್ಲಿ ಬೇಕೆಂದೇ ಕೊಟ್ಟಿಲ್ಲ. ಅದು ನಿಮ್ಮ ಒತ್ತಡ, ಮೂತ್ರಪಿಂಡದ ಸ್ಥಿತಿ, ಇತರ ಕಾಯಿಲೆಗಳನ್ನು ನೋಡಿ ವೈದ್ಯರು ನಿರ್ಧರಿಸಬೇಕಾದ ಸಂಗತಿ.

ಹಂತ 1: ಸ್ಟ್ರಿಪ್‌ನ ಹಿಂಬದಿಯನ್ನು ಓದಿ

ಮಾತ್ರೆಯ ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಸಣ್ಣಕ್ಷರದಲ್ಲಿರುವ ಮೂಲ ಔಷಧದ ಹೆಸರು. ಆ ಹೆಸರಿನ ಕೊನೆಯ ಉಚ್ಚಾರವನ್ನು ಗಮನಿಸಿ.

‘ಪ್ರಿಲ್‌’ ಎಂದು ಮುಗಿಯುವ ಎನಲಾಪ್ರಿಲ್‌, ರಾಮಿಪ್ರಿಲ್‌, ಲಿಸಿನೋಪ್ರಿಲ್‌, ಪೆರಿಂಡೋಪ್ರಿಲ್‌ ಮುಂತಾದವು ಎಸಿಇ ಪ್ರತಿಬಂಧಕಗಳ ಕುಟುಂಬಕ್ಕೆ ಸೇರಿದವು. ‘ಸಾರ್ಟನ್‌’ ಎಂದು ಮುಗಿಯುವ ಲೊಸಾರ್ಟನ್‌, ಟೆಲ್ಮಿಸಾರ್ಟನ್‌, ವಾಲ್ಸಾರ್ಟನ್‌, ಓಲ್ಮೆಸಾರ್ಟನ್‌ ಎಆರ್‌ಬಿ ಕುಟುಂಬದವು. ಎರಡೂ ಒಂದೇ ಹಾರ್ಮೋನು ವ್ಯವಸ್ಥೆಯನ್ನು ತಡೆಯುತ್ತವೆ. ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡ ಬೆಳೆಯಲು ಅದೇ ವ್ಯವಸ್ಥೆ ಬೇಕು. ಗರ್ಭದ ನಾಲ್ಕನೆಯ ತಿಂಗಳಿನ ನಂತರವೂ ಇವು ಮುಂದುವರಿದರೆ ಮಗುವಿನ ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದೆ, ಮೂತ್ರ ಕಡಿಮೆಯಾಗಿ, ಮಗುವನ್ನು ಸುತ್ತುವರಿದ ಗರ್ಭಜಲ ಬತ್ತುತ್ತದೆ. ಏಕೆಂದರೆ ಆ ಹೊತ್ತಿಗೆ ಗರ್ಭಜಲದ ಬಹುಪಾಲು ಮಗುವಿನ ಮೂತ್ರವೇ ಆಗಿರುತ್ತದೆ. ಜಲ ಕಡಿಮೆಯಾದಾಗ ಶ್ವಾಸಕೋಶ ಹಿಗ್ಗಿ ಬೆಳೆಯುವುದಿಲ್ಲ, ತಲೆಬುರುಡೆಯ ಮೂಳೆಗಳೂ ಸರಿಯಾಗಿ ಗಟ್ಟಿಯಾಗದಿರಬಹುದು. ಮಗು ಉಳಿಯದಿರುವ ಸಾಧ್ಯತೆಯೂ ಇದೆ. ಇದೇ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಅಲಿಸ್ಕಿರೆನ್‌ ಕೂಡ ಈ ಪಟ್ಟಿಗೇ ಸೇರುತ್ತದೆ.

ಇಲ್ಲಿ ಬಹಳ ಮಂದಿ ಎಡವುವುದು ಸಂಯುಕ್ತ ಮಾತ್ರೆಗಳಲ್ಲಿ. ಒಂದೇ ಮಾತ್ರೆಯೊಳಗೆ ಎರಡು ಮೂರು ಔಷಧಗಳು ಸೇರಿರುತ್ತವೆ. ಟೆಲ್ಮಿಸಾರ್ಟನ್‌, ಅಮ್ಲೋಡಿಪಿನ್‌, ಹೈಡ್ರೋಕ್ಲೋರೋಥಯಜೈಡ್‌ ಮೂರೂ ಒಟ್ಟಿಗಿರುವುದು ಸಾಮಾನ್ಯ. ‘ನಾನು ಒಂದೇ ಮಾತ್ರೆ ತೆಗೆದುಕೊಳ್ಳುವುದು’ ಎಂದು ಹೇಳಿದರೆ ವೈದ್ಯರಿಗೆ ಏನೂ ತಿಳಿದಂತಾಗುವುದಿಲ್ಲ. ಸ್ಟ್ರಿಪ್‌ ಅನ್ನೇ ಕೊಂಡೊಯ್ಯಿರಿ. ಮಾತ್ರೆ ಕತ್ತರಿಸುವಾಗ ಹೆಸರಿರುವ ತುದಿ ಹರಿದುಹೋಗಿದ್ದರೆ, ಹಳೆಯ ಚೀಟಿಯನ್ನಾದರೂ ಜೊತೆಗಿಟ್ಟುಕೊಳ್ಳಿ.

‘ಲೋಲ್‌’ ಎಂದು ಮುಗಿಯುವವು ಬೀಟಾ ಬ್ಲಾಕರ್‌ಗಳು, ಅಂದರೆ ಹೃದಯಬಡಿತವನ್ನು ನಿಧಾನಗೊಳಿಸಿ ಒತ್ತಡ ಇಳಿಸುವವು. ಇವೆಲ್ಲವೂ ಸಮಾನವಲ್ಲ: ಲ್ಯಾಬೆಟಲೋಲ್‌ ಗರ್ಭಾವಸ್ಥೆಯಲ್ಲಿ ಮೊದಲ ಆಯ್ಕೆಗಳಲ್ಲೊಂದು, ಅಟೆನಲೋಲ್‌ ಮಗುವಿನ ತೂಕ ಕಡಿಮೆಯಾಗುವುದರೊಂದಿಗೆ ನಂಟು ಹೊಂದಿರುವುದರಿಂದ ಸಾಮಾನ್ಯವಾಗಿ ಬಿಡಬೇಕಾದದ್ದು. ‘ಡಿಪಿನ್‌’ ಎಂದು ಮುಗಿಯುವವು ರಕ್ತನಾಳಗಳನ್ನು ಸಡಿಲಿಸುವ ಕ್ಯಾಲ್ಸಿಯಂ ಚಾನೆಲ್‌ ಬ್ಲಾಕರ್‌ಗಳು. ಥಯಜೈಡ್‌ನಂತಹ ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಗರ್ಭಕ್ಕೆ ಮುನ್ನ ಸಾಮಾನ್ಯವಾಗಿ ಬದಲಿಸುತ್ತಾರೆ. ಸ್ಪೈರನೋಲ್ಯಾಕ್ಟೋನ್‌ ಪುರುಷ ಹಾರ್ಮೋನಿನ ಕೆಲಸವನ್ನು ತಡೆಯುವುದರಿಂದ ಗಂಡು ಮಗುವಿನ ಜನನಾಂಗದ ಬೆಳವಣಿಗೆಗೆ ಅಡ್ಡಿಯಾಗಬಹುದೆಂಬ ಕಾರಣಕ್ಕೆ ಅದನ್ನೂ ಬಿಡಿಸುತ್ತಾರೆ.

ಹಂತ 2: ಗರ್ಭನಿರೋಧಕ ನಿಲ್ಲಿಸುವ ಮೊದಲು ಮಾತ್ರೆ ಬದಲಿಸಿಕೊಳ್ಳಿ

ಕ್ರಮ ಹೀಗಿರಬೇಕು: ಮೊದಲು ವೈದ್ಯರ ಭೇಟಿ, ನಂತರ ಮಾತ್ರೆಯ ಬದಲಾವಣೆ, ಹೊಸ ಮಾತ್ರೆಯಲ್ಲಿ ಒತ್ತಡ ಹತೋಟಿಗೆ ಬಂದಿದೆಯೆಂದು ಕೆಲವು ವಾರ ನೋಡಿ ಖಚಿತಪಡಿಸಿಕೊಳ್ಳುವುದು, ಆಮೇಲೆ ಗರ್ಭಕ್ಕೆ ಪ್ರಯತ್ನ. ಹಲವರು ಇದನ್ನು ತಿರುಗಿಸಿ, ಗರ್ಭ ನಿಂತ ಮೇಲೆ ನೋಡಿಕೊಂಡರಾಯಿತು ಎಂದುಕೊಳ್ಳುತ್ತಾರೆ. ಮುಟ್ಟು ತಪ್ಪಿದ್ದು ಗಮನಕ್ಕೆ ಬಂದು, ಪರೀಕ್ಷೆ ಮಾಡಿ, ವೈದ್ಯರನ್ನು ಕಾಣುವಷ್ಟರಲ್ಲಿ ಆರೇಳು ವಾರ ಸಲೀಸಾಗಿ ಕಳೆದಿರುತ್ತದೆ. ಮಗುವಿನ ಹೃದಯ ಮೂಡುವುದು ಆ ವಾರಗಳಲ್ಲೇ.

ಇದಕ್ಕೊಂದು ಅಪವಾದವಿದೆ. ಮೂತ್ರದಲ್ಲಿ ಬಹಳಷ್ಟು ಪ್ರೋಟೀನು ಹೋಗುವ ಮೂತ್ರಪಿಂಡದ ಕಾಯಿಲೆ ಇರುವವರಿಗೆ ‘ಪ್ರಿಲ್‌’ ಮಾತ್ರೆ ಒತ್ತಡ ಇಳಿಸುವುದಷ್ಟೇ ಅಲ್ಲ, ಮೂತ್ರಪಿಂಡವನ್ನು ಕಾಪಾಡುತ್ತಲೂ ಇರುತ್ತದೆ. ಅಂಥವರಲ್ಲಿ ತಜ್ಞರು ಕೆಲವೊಮ್ಮೆ, ಪದೇ ಪದೇ ಗರ್ಭಪರೀಕ್ಷೆ ಮಾಡಿಕೊಳ್ಳಬೇಕು, ಗರ್ಭ ಖಚಿತವಾದ ಕೂಡಲೇ ನಿಲ್ಲಿಸಬೇಕು ಎಂಬ ಕಟ್ಟುನಿಟ್ಟಿನ ಮಾತಿನ ಮೇಲೆ, ಅದನ್ನು ಗರ್ಭ ನಿಲ್ಲುವವರೆಗೂ ಮುಂದುವರಿಸುತ್ತಾರೆ. ಇದು ಸ್ವಂತಕ್ಕೆ ತೆಗೆದುಕೊಳ್ಳಬಹುದಾದ ತೀರ್ಮಾನವಲ್ಲ. ಮುಟ್ಟು ಕ್ರಮವಾಗಿ ಆಗದವರಿಗಂತೂ ಒಗ್ಗುವುದೇ ಇಲ್ಲ ಎಂಬುದು ನನ್ನ ಅನಿಸಿಕೆ.

ಇದೇ ಭೇಟಿಯಲ್ಲಿ ಮೂತ್ರಪಿಂಡದ ಪರೀಕ್ಷೆ, ಮೂತ್ರದ ಪ್ರೋಟೀನು, ಸಕ್ಕರೆಯ ಪರೀಕ್ಷೆ ಮುಗಿಸಿಕೊಳ್ಳಿ. ಮುಂದೆ ಗರ್ಭನಂಜಿನ ಶಂಕೆ ಬಂದಾಗ ‘ಮೊದಲು ಎಷ್ಟಿತ್ತು’ ಎಂಬ ಪ್ರಶ್ನೆಗೆ ಈ ಕಾಗದಗಳೇ ಉತ್ತರ. ಚಿಕ್ಕ ವಯಸ್ಸಿನಲ್ಲೇ ಬಿಪಿ ಬಂದಿದ್ದರೆ ಅದರ ಹಿಂದೆ ಮೂತ್ರಪಿಂಡದ ಅಥವಾ ಹಾರ್ಮೋನಿನ ಕಾರಣವಿದೆಯೇ ಎಂದು ಹುಡುಕಲು ಇದೇ ಸರಿಯಾದ ಸಮಯ. ಫೋಲಿಕ್‌ ಆಮ್ಲದ ಮಾತ್ರೆಯನ್ನೂ ಗರ್ಭಕ್ಕೆ ಮುನ್ನವೇ ಆರಂಭಿಸಬೇಕು; ಸಾಮಾನ್ಯ ಪ್ರಮಾಣ ದಿನಕ್ಕೆ 400 ಮೈಕ್ರೋಗ್ರಾಂ, ಸಕ್ಕರೆ ಕಾಯಿಲೆಯಂಥ ತೊಂದರೆ ಇರುವವರಿಗೆ ವೈದ್ಯರು ಹೆಚ್ಚಿಸುತ್ತಾರೆ.

ಪತಿಯೂ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯವಿಲ್ಲ. ಕೆಲವು ಬೀಟಾ ಬ್ಲಾಕರ್‌ಗಳು ಮತ್ತು ಥಯಜೈಡ್‌ಗಳಿಂದ ನಿಮಿರುವಿಕೆಯ ತೊಂದರೆ ಬರಬಹುದು. ಸಂಕೋಚ ಬಿಟ್ಟು ಹೇಳಿಕೊಂಡರೆ ಅದಕ್ಕೂ ಬದಲಿ ಮಾತ್ರೆಗಳಿವೆ.

ಹಂತ 3: ತಿಳಿಯದೆಯೇ ಗರ್ಭ ನಿಂತಿದ್ದರೆ

‘ಪ್ರಿಲ್‌’ ಅಥವಾ ‘ಸಾರ್ಟನ್‌’ ತೆಗೆದುಕೊಳ್ಳುತ್ತಿರುವಾಗಲೇ ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿದರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಿ, ಆ ಮಾತ್ರೆ ನಿಲ್ಲಿಸಿ ಬೇರೆಯದನ್ನು ಬರೆಸಿಕೊಳ್ಳಿ. ಬ್ರಿಟನ್ನಿನ ನೈಸ್‌ ಸಂಸ್ಥೆಯ ಮಾರ್ಗಸೂಚಿ ಇದಕ್ಕೆ ಕೊಡುವ ಗಡುವು ಗರ್ಭದ ವಿಷಯ ತಿಳಿಸಿದ ಎರಡು ಕೆಲಸದ ದಿನಗಳು. ಮುಂದಿನ ತಿಂಗಳ ಭೇಟಿಯವರೆಗೆ ಕಾಯುವ ವಿಷಯ ಇದಲ್ಲ.

ಹಾಗೆಂದು ಗಾಬರಿಯಾಗಬೇಡಿ. ಮೇಲೆ ಹೇಳಿದ ಗಂಭೀರ ಹಾನಿಗಳು ಕಾಣಿಸಿಕೊಳ್ಳುವುದು ಮುಖ್ಯವಾಗಿ ಎರಡನೆಯ ಮತ್ತು ಮೂರನೆಯ ತ್ರೈಮಾಸಿಕಗಳಲ್ಲಿ. ಮೊದಲ ತ್ರೈಮಾಸಿಕದ ಬಗ್ಗೆ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹುಟ್ಟುದೋಷಗಳ ಆತಂಕವನ್ನು ಎತ್ತಿತ್ತು. ತಾಯಿಯ ಬಿಪಿ, ಸಕ್ಕರೆ ಕಾಯಿಲೆಗಳನ್ನೂ ಲೆಕ್ಕಕ್ಕೆ ಹಿಡಿದ ನಂತರದ ದೊಡ್ಡ ಅಧ್ಯಯನಗಳಲ್ಲಿ ಆ ಆತಂಕ ಬಹಳಷ್ಟು ತಗ್ಗಿದೆ. ಮೊದಲ ಕೆಲವು ವಾರ ಮಾತ್ರೆ ನುಂಗಿದ್ದೇವೆ ಎಂಬ ಒಂದೇ ಕಾರಣಕ್ಕೆ ಗರ್ಭಪಾತದ ಯೋಚನೆ ಮಾಡಬೇಕಾಗಿಲ್ಲ. 18ರಿಂದ 20ನೆಯ ವಾರದ ಆಸುಪಾಸಿನಲ್ಲಿ ಮಾಡುವ, ಅಂಗಾಂಗಗಳನ್ನು ವಿವರವಾಗಿ ನೋಡುವ ಸ್ಕ್ಯಾನಿಂಗ್‌ ಅನ್ನು ತಪ್ಪಿಸಬೇಡಿ. ಯಾವ ಮಾತ್ರೆಯನ್ನು ಯಾವ ವಾರದವರೆಗೆ ತೆಗೆದುಕೊಂಡಿದ್ದಿರಿ ಎಂಬುದನ್ನು ಸ್ಕ್ಯಾನ್‌ ಮಾಡುವವರಿಗೆ ತಿಳಿಸಿ.

ಎಚ್ಚರಿಕೆ: ಬೀಟಾ ಬ್ಲಾಕರ್‌ ಮತ್ತು ಕ್ಲೋನಿಡಿನ್‌ ಮಾತ್ರೆಗಳನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಎದೆಬಡಿತ ಜೋರಾಗುವುದು, ಒತ್ತಡ ಮೊದಲಿಗಿಂತ ಮೇಲಕ್ಕೆ ಚಿಮ್ಮುವುದು ಉಂಟು. ಬೇಡವಾದ ಬೀಟಾ ಬ್ಲಾಕರನ್ನೂ ವೈದ್ಯರು ಹೇಳಿದ ರೀತಿಯಲ್ಲೇ ಬದಲಿಸಬೇಕು.

ಹಂತ 4: ಗರ್ಭಾವಸ್ಥೆಯಲ್ಲಿ ಕೊಡುವ ಮಾತ್ರೆಗಳನ್ನು ಅರಿತು ತೆಗೆದುಕೊಳ್ಳಿ

ಹೆಚ್ಚಾಗಿ ಕೊಡುವವು ಮೂರು. ಲ್ಯಾಬೆಟಲೋಲ್‌ ಅನ್ನು ದಿನಕ್ಕೆ ಎರಡು ಮೂರು ಬಾರಿ ತೆಗೆದುಕೊಳ್ಳಬೇಕಾಗುತ್ತದೆ. ಆಸ್ತಮಾ ಇರುವವರಿಗೆ ಇದು ಹಿಡಿಸುವುದಿಲ್ಲ, ಉಬ್ಬಸ ಕೆರಳಬಹುದು. ಆದ್ದರಿಂದ ಚಿಕ್ಕಂದಿನಲ್ಲಿ ಇದ್ದ ಆಸ್ತಮಾವನ್ನೂ ಹೇಳಿ. ಕೆಲವರಿಗೆ ಮೊದಲ ದಿನಗಳಲ್ಲಿ ನೆತ್ತಿಯ ಚರ್ಮದಲ್ಲಿ ಇರುವೆ ಹರಿದಂತಹ ಜುಮುಗುಡುವಿಕೆ ಆಗುತ್ತದೆ. ಅದು ಈ ಮಾತ್ರೆಯ ಪರಿಚಿತ ಲಕ್ಷಣ, ಅಪಾಯವಲ್ಲ.

ನಿಫೆಡಿಪಿನ್‌ ಅನ್ನು ನಿಧಾನವಾಗಿ ಕರಗುವ ರೂಪದಲ್ಲಿ ಕೊಡುತ್ತಾರೆ. ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ಹಾಗೆ ಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ಸೇರಿ ಒತ್ತಡ ಕುಸಿಯಬಹುದು. ಮುಖ ಬಿಸಿಯಾಗುವುದು, ತಲೆನೋವು, ಕಾಲಿನ ಗಂಟು ಊದಿಕೊಳ್ಳುವುದು ಇದರಿಂದ ಆಗಬಹುದು. ಆದರೆ ಗರ್ಭನಂಜಿನ ಲಕ್ಷಣಗಳೂ ತಲೆನೋವು ಮತ್ತು ಊತವೇ ಆದ್ದರಿಂದ, ‘ಮಾತ್ರೆಯಿಂದ ಇರಬಹುದು’ ಎಂದು ತಾವೇ ತೀರ್ಮಾನಿಸದೆ ಒತ್ತಡ ಅಳೆದು ವೈದ್ಯರನ್ನು ಕೇಳಿ.

ಮಿಥೈಲ್‌ಡೋಪಾ ಮೂರರಲ್ಲಿ ಹಳೆಯದು. ಇದನ್ನು ತೆಗೆದುಕೊಂಡ ತಾಯಂದಿರ ಮಕ್ಕಳನ್ನು ಏಳೂವರೆ ವರ್ಷದವರೆಗೆ ಗಮನಿಸಿ 1982ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬೆಳವಣಿಗೆಗೆ ಧಕ್ಕೆ ಕಂಡುಬರಲಿಲ್ಲ; ಇಷ್ಟು ದೀರ್ಘ ಹಿನ್ನೋಟ ಬೇರೆ ಬಿಪಿ ಮಾತ್ರೆಗಳಿಗೆ ಅಪರೂಪ. ನಿದ್ದೆಗಣ್ಣು, ಆಯಾಸ, ಮನಸ್ಸು ಕುಗ್ಗುವುದು ಇದರ ದೋಷಗಳು. ಇನ್ನೊಂದು ವಿಷಯವನ್ನು ಔಷಧ ಅಂಗಡಿಯಲ್ಲಿ ಯಾರೂ ಹೇಳದೆ ಇರುವುದೇ ಹೆಚ್ಚು: ಕಬ್ಬಿಣದ ಮಾತ್ರೆಯ ಜೊತೆಗೆ ನುಂಗಿದರೆ ಮಿಥೈಲ್‌ಡೋಪಾ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗರ್ಭಿಣಿಯರು ಬಹುತೇಕ ಎಲ್ಲರೂ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವುದರಿಂದ, ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡುವು ಇರಲಿ.

ಅಮ್ಲೋಡಿಪಿನ್‌ ಮೇಲೆ ಒತ್ತಡ ಚೆನ್ನಾಗಿ ನಿಂತಿರುವವರಿಗೆ ಅದನ್ನೇ ಮುಂದುವರಿಸುವ ವೈದ್ಯರೂ ಇದ್ದಾರೆ. ಅದರ ಬಗ್ಗೆ ಮಾಹಿತಿ ಕಡಿಮೆಯಿದ್ದರೂ ಹಾನಿಯ ಸೂಚನೆ ಕಂಡಿಲ್ಲ.

ಒತ್ತಡ ಸ್ವಲ್ಪ ಹೆಚ್ಚಿದ್ದರೂ ಮಾತ್ರೆ ಕೊಡದೆ ಹಾಗೆಯೇ ಬಿಡುವ ಪದ್ಧತಿ ಹಿಂದೆ ಇತ್ತು. ಬಹಳ ಇಳಿಸಿದರೆ ಮಗುವಿಗೆ ರಕ್ತ ಕಡಿಮೆಯಾದೀತು ಎಂಬುದು ಅದರ ಹಿಂದಿನ ಅಂಜಿಕೆ. 2022ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ 2,408 ಮಹಿಳೆಯರ ಮೇಲೆ ನಡೆದ ‘ಚಾಪ್‌’ ಎಂಬ ಅಧ್ಯಯನವು, ಒತ್ತಡವನ್ನು 140/90ಕ್ಕಿಂತ ಕೆಳಗಿಟ್ಟವರಲ್ಲಿ ತೀವ್ರ ಗರ್ಭನಂಜು ಮತ್ತು ಅವಧಿಪೂರ್ವ ಹೆರಿಗೆಗಳು ಕಡಿಮೆಯಾದವು, ಮಕ್ಕಳ ತೂಕಕ್ಕೆ ಪೆಟ್ಟು ಬೀಳಲಿಲ್ಲ ಎಂದು ತೋರಿಸಿತು. ಈಗ ಹೆಚ್ಚಿನ ವೈದ್ಯರು 140/90ರಲ್ಲೇ ಔಷಧ ಆರಂಭಿಸುತ್ತಾರೆ. ನೈಸ್‌ ಹೇಳುವ ಗುರಿ 135/85.

ಗರ್ಭದ ನಡುವಿನ ತಿಂಗಳುಗಳಲ್ಲಿ ರಕ್ತನಾಳಗಳು ಸಹಜವಾಗಿಯೇ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಆಗ ವೈದ್ಯರು ಮಾತ್ರೆ ಕಡಿಮೆ ಮಾಡಬಹುದು, ನಿಲ್ಲಿಸಲೂಬಹುದು. ಇದನ್ನು ಬಿಪಿ ವಾಸಿಯಾಯಿತು ಎಂದು ತಿಳಿದು ಅಳೆಯುವುದನ್ನೇ ಬಿಟ್ಟವರು ಏಳೆಂಟನೆಯ ತಿಂಗಳಿನಲ್ಲಿ ಸಿಕ್ಕಿಬೀಳುತ್ತಾರೆ, ಏಕೆಂದರೆ ಒತ್ತಡ ಮತ್ತೆ ಏರುವುದು ಆಗಲೇ.

ಇವುಗಳ ಜೊತೆಗೆ ಕಡಿಮೆ ಪ್ರಮಾಣದ ಆಸ್ಪಿರಿನ್‌ ಅನ್ನು, ಸಾಮಾನ್ಯವಾಗಿ 75ರಿಂದ 150 ಮಿಲಿಗ್ರಾಂ, 12ನೆಯ ವಾರದಿಂದ ಕೊಡುತ್ತಾರೆ. ಅದು ಒತ್ತಡ ಇಳಿಸುವ ಮಾತ್ರೆಯಲ್ಲ, ಗರ್ಭನಂಜನ್ನು ತಡೆಯಲು ಕೊಡುವುದು. ‘ಆಸ್ಪಿರಿನ್‌ ನೋವಿನ ಮಾತ್ರೆ, ಗರ್ಭಿಣಿಯರಿಗೆ ಬೇಡ’ ಎಂದು ಮನೆಯಲ್ಲಿ ಯಾರಾದರೂ ನಿಲ್ಲಿಸಿಬಿಡುವುದು ಸಾಮಾನ್ಯ. ಐಬುಪ್ರೊಫೆನ್‌, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳು ಗರ್ಭಿಣಿಯರಿಗೆ ಬೇಡವೆಂಬುದು ನಿಜ, ಆದರೆ ವೈದ್ಯರು ಬರೆದ ಕಡಿಮೆ ಪ್ರಮಾಣದ ಆಸ್ಪಿರಿನ್‌ಗೆ ಆ ಮಾತು ಅನ್ವಯಿಸುವುದಿಲ್ಲ. ಮೂಗು ಕಟ್ಟಿದಾಗ ಕೊಳ್ಳುವ, ಸೂಡೊಎಫಿಡ್ರಿನ್‌ ಇರುವ ನೆಗಡಿ ಮಾತ್ರೆಗಳು ಮತ್ತು ಜ್ಯೇಷ್ಠಮಧು ಸೇರಿಸಿದ ಗಿಡಮೂಲಿಕೆಯ ಔಷಧಗಳು ಒತ್ತಡ ಏರಿಸಬಲ್ಲವು.

ಬೆಳಗಿನ ವಾಂತಿಯಲ್ಲಿ ಮಾತ್ರೆ ಹೋಗಿಬಿಟ್ಟರೆ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ತಪ್ಪಿದ್ದಕ್ಕೆಂದು ಮುಂದಿನ ಹೊತ್ತಿಗೆ ಎರಡು ಮಾತ್ರೆ ನುಂಗುವುದಂತೂ ಬೇಡ.

ಹಂತ 5: ಮನೆಯಲ್ಲಿ ಸರಿಯಾಗಿ ಅಳೆಯಿರಿ

ಗರ್ಭಿಣಿಯರಲ್ಲಿ ಪರೀಕ್ಷಿಸಿ ಒಪ್ಪಿದ ಯಂತ್ರವೇ ಆಗಲಿ. ಕೆಲವು ಸಾಮಾನ್ಯ ಯಂತ್ರಗಳು ಗರ್ಭನಂಜಿನಲ್ಲಿ ಒತ್ತಡವನ್ನು ಕಡಿಮೆ ತೋರಿಸುತ್ತವೆ. ತೋಳಿನ ಪಟ್ಟಿ ನಿಮ್ಮ ತೋಳಿನ ಸುತ್ತಳತೆಗೆ ಹೊಂದಬೇಕು, ಪಟ್ಟಿ ಚಿಕ್ಕದಾದರೆ ಸಂಖ್ಯೆ ಸುಳ್ಳಾಗಿ ಹೆಚ್ಚು ಬರುತ್ತದೆ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಅಳೆಯಿರಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಎರಡನ್ನೂ ಬರೆದುಕೊಳ್ಳಿ. ಎಡಮಗ್ಗುಲಾಗಿ ಮಲಗಿ ಮೇಲಿನ ತೋಳಿನಲ್ಲಿ ಅಳೆದರೆ, ಆ ತೋಳು ಹೃದಯಕ್ಕಿಂತ ಎತ್ತರದಲ್ಲಿರುವುದರಿಂದ, ಒತ್ತಡ ಕಡಿಮೆ ಬರುತ್ತದೆ. ಆ ಸಂಖ್ಯೆಯನ್ನು ನಂಬಬೇಡಿ.

ಹಂತ 6: ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಮೇಲಿನ ಸಂಖ್ಯೆ 160 ಅಥವಾ ಕೆಳಗಿನದು 110 ಮುಟ್ಟಿದರೆ ಅದು ತುರ್ತು ಸ್ಥಿತಿ. ಹೆಚ್ಚುವರಿ ಮಾತ್ರೆ ನುಂಗಿ ಇಳಿಯುತ್ತದೆಯೇ ಎಂದು ನೋಡುತ್ತ ಕೂರಬೇಡಿ. ತಡೆಯಲಾಗದ ತಲೆನೋವು, ಕಣ್ಣ ಮುಂದೆ ಮಿಂಚು ಅಥವಾ ಮಬ್ಬು, ಬಲಪಕ್ಕೆಲುಬಿನ ಕೆಳಗೆ ನೋವು, ವಾಂತಿ, ಉಸಿರಾಟದ ಕಷ್ಟ, ಮುಖ ಮತ್ತು ಕೈಗಳು ಒಮ್ಮೆಲೇ ಊದಿಕೊಳ್ಳುವುದು, ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು: ಇವುಗಳಲ್ಲಿ ಯಾವುದೇ ಒಂದು ಕಂಡರೂ, ಯಂತ್ರ ತೋರಿಸುವ ಸಂಖ್ಯೆ ಎಷ್ಟೇ ಇರಲಿ, ಅದೇ ಗಳಿಗೆಯಲ್ಲಿ ಹೊರಡಿ. ಬಲಪಕ್ಕೆಯ ನೋವನ್ನು ಗ್ಯಾಸ್‌ ಎಂದುಕೊಂಡು ರಾತ್ರಿ ಕಳೆಯುವುದು ಬಹಳ ಅಪಾಯಕಾರಿ, ಏಕೆಂದರೆ ಅದು ಯಕೃತ್ತಿನ ನೋವಾಗಿರಬಹುದು.

ಹಂತ 7: ಹೆರಿಗೆಯಾದ ಮೊದಲ ವಾರ ಮೈಮರೆಯಬೇಡಿ

ಮಗು ಹೊರಬಂದರೆ ಬಿಪಿ ಇಳಿದುಹೋಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಗರ್ಭಾವಸ್ಥೆಯಲ್ಲಿ ಮೈಯಲ್ಲಿ ಸೇರಿದ್ದ ನೀರು ರಕ್ತಕ್ಕೆ ಮರಳುವುದರಿಂದ ಒತ್ತಡ ಸಾಮಾನ್ಯವಾಗಿ ಮೂರರಿಂದ ಆರನೆಯ ದಿನದ ನಡುವೆ ಗರಿಷ್ಠ ಮಟ್ಟಕ್ಕೆ ಏರುತ್ತದೆ, ಅಂದರೆ ಹೆಚ್ಚಿನವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಮಗುವಿನ ಆರೈಕೆ, ನಿದ್ದೆಗೇಡು, ಬಂದು ಹೋಗುವವರ ನಡುವೆ ತಾಯಿಯ ತೋಳಿಗೆ ಪಟ್ಟಿ ಸುತ್ತುವುದನ್ನೇ ಮನೆಮಂದಿ ಮರೆತಿರುತ್ತಾರೆ. ಆರನೆಯ ಹಂತದ ಲಕ್ಷಣಗಳು ಹೆರಿಗೆಯ ನಂತರದ ಆರು ವಾರಗಳವರೆಗೂ ಅಷ್ಟೇ ಗಂಭೀರ, ಫಿಟ್ಸ್‌ ಕೂಡ ಈ ಅವಧಿಯಲ್ಲಿ ಬರಬಹುದು.

ಮಿಥೈಲ್‌ಡೋಪಾದಲ್ಲಿರುವವರನ್ನು ಹೆರಿಗೆಯಾದ ಎರಡು ದಿನಗಳೊಳಗೆ ಬೇರೆ ಮಾತ್ರೆಗೆ ಬದಲಿಸಬೇಕೆಂದು ನೈಸ್‌ ಹೇಳುತ್ತದೆ. ಬಾಣಂತಿಯ ಮನಸ್ಸು ಮೊದಲೇ ಸೂಕ್ಷ್ಮವಾಗಿರುವಾಗ ಖಿನ್ನತೆ ತರಬಲ್ಲ ಮಾತ್ರೆ ಬೇಡವೆಂಬುದು ಇದರ ಕಾರಣ. ಮಗುವಿನ ಹಾಲಿಗೂ ಇದಕ್ಕೂ ಸಂಬಂಧವಿಲ್ಲ.

ಹಂತ 8: ಹಾಲೂಡಿಸುವಾಗಿನ ಮಾತ್ರೆಗಳು

ಓದುಗರನ್ನು ಹೆಚ್ಚು ಗೊಂದಲಕ್ಕೆ ಕೆಡಹುವುದು ಈ ಹಂತ. ಗರ್ಭದಲ್ಲಿ ಬೇಡವೇ ಬೇಡ ಎಂದಿದ್ದ ಎನಲಾಪ್ರಿಲ್‌ ಅನ್ನು ಹೆರಿಗೆಯ ನಂತರ ವೈದ್ಯರು ತಾವಾಗಿಯೇ ಬರೆದಾಗ, ತಪ್ಪಾಗಿದೆಯೆಂದು ಭಾವಿಸಿ ಮಾತ್ರೆ ಮುಟ್ಟದವರಿದ್ದಾರೆ. ತಪ್ಪೇನೂ ಆಗಿಲ್ಲ. ಗರ್ಭದಲ್ಲಿ ಔಷಧ ಮಾಸಿನ ಮೂಲಕ ಮಗುವಿನ ರಕ್ತಕ್ಕೆ ನೇರವಾಗಿ ಸೇರುತ್ತಿತ್ತು. ಎದೆಹಾಲಿಗೆ ಇಳಿಯುವ ಎನಲಾಪ್ರಿಲ್‌ ಅತ್ಯಲ್ಪ. ತಾಯಿಯ ಮೂತ್ರಪಿಂಡ ಮತ್ತು ಪೊಟ್ಯಾಸಿಯಂ ಅನ್ನು ಪರೀಕ್ಷಿಸುತ್ತಾ ಇದನ್ನು ಕೊಡಬಹುದು. ಮಗು ದಿನ ತುಂಬದೆ ಹುಟ್ಟಿದ್ದರೆ ಮಕ್ಕಳ ವೈದ್ಯರ ಮಾತನ್ನೂ ಕೇಳಬೇಕು. ಲ್ಯಾಬೆಟಲೋಲ್‌, ನಿಫೆಡಿಪಿನ್‌, ಅಮ್ಲೋಡಿಪಿನ್‌ಗಳನ್ನೂ ಹಾಲೂಡಿಸುವ ತಾಯಂದಿರಿಗೆ ಕೊಡುತ್ತಾರೆ.

‘ಸಾರ್ಟನ್‌’ಗಳ ಬಗ್ಗೆ ಹಾಲೂಡಿಸುವಾಗಿನ ಮಾಹಿತಿ ಸಾಲದು, ಆದ್ದರಿಂದ ಸಾಧ್ಯವಾದರೆ ಬೇರೆಯದನ್ನು ಆರಿಸುತ್ತಾರೆ. ಅಟೆನಲೋಲ್‌ ಇತರ ಬೀಟಾ ಬ್ಲಾಕರ್‌ಗಳಿಗಿಂತ ಹೆಚ್ಚಾಗಿ ಹಾಲಿಗೆ ಇಳಿಯುತ್ತದೆ ಮತ್ತು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ್ದರಿಂದ ಎಳೆಗೂಸಿನ ಮೈಯಲ್ಲಿ ಸೇರಿಕೊಳ್ಳಬಹುದು. ಮೊದಲ ತಿಂಗಳುಗಳಲ್ಲಿ ಇದು ಬೇಡ. ಥಯಜೈಡ್‌ನಂತಹ ಮಾತ್ರೆಗಳು ಹೆಚ್ಚಿನ ಪ್ರಮಾಣದಲ್ಲಿ ಹಾಲನ್ನೇ ಕಡಿಮೆ ಮಾಡಬಹುದು. ಕಾರಣಾಂತರದಿಂದ ಹಾಲು ನಿಲ್ಲಿಸಬೇಕಾಗಿ ಬಂದರೆ, ಅದಕ್ಕೆಂದು ಕೊಡುವ ಬ್ರೊಮೊಕ್ರಿಪ್ಟಿನ್‌ ಬಿಪಿ ಹತೋಟಿಯಲ್ಲಿಲ್ಲದವರಿಗೆ ತಕ್ಕದ್ದಲ್ಲ.

ಮಾತ್ರೆ ನುಂಗಿದ ಮೇಲೆ ಹಾಲು ಹಿಂಡಿ ಚೆಲ್ಲುವ ಅಗತ್ಯವಿಲ್ಲ. ಮಗುವಿನ ಮೇಲೆ ಗಮನವಿದ್ದರೆ ಸಾಕು: ಎಬ್ಬಿಸಿದರೂ ಏಳದಷ್ಟು ಮಂಪರು, ಹಾಲು ಚೀಪದಿರುವುದು, ಮೈ ಬಿಳಿಚಿಕೊಳ್ಳುವುದು, ಕೈಕಾಲು ತಣ್ಣಗಾಗುವುದು ಕಂಡರೆ ಆಗಲೇ ಮಕ್ಕಳ ವೈದ್ಯರಿಗೆ ತೋರಿಸಿ. ಹೆರಿಗೆಯ ತನಕ ಲ್ಯಾಬೆಟಲೋಲ್‌ ತೆಗೆದುಕೊಂಡಿದ್ದರೆ, ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ಎದೆಬಡಿತ ಮತ್ತು ರಕ್ತದ ಸಕ್ಕರೆ ಇಳಿಯಬಹುದಾದ್ದರಿಂದ ಆಸ್ಪತ್ರೆಯವರಿಗೆ ಅದು ತಿಳಿದಿರಲಿ.

ಹಂತ 9: ಆರು ವಾರಗಳ ತಪಾಸಣೆ

ಆರರಿಂದ ಎಂಟನೆಯ ವಾರದ ಭೇಟಿಗೆ ಹೋಗುವಾಗ ಆವರೆಗಿನ ಬಿಪಿ ಬರೆದ ನೋಟ್‌ಬುಕ್‌ ಜೊತೆಗಿರಲಿ. ಗರ್ಭಾವಸ್ಥೆಯಲ್ಲಷ್ಟೇ ಬಿಪಿ ಬಂದಿದ್ದವರಿಗೆ ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಾರೆ; ಮೂರು ತಿಂಗಳಾದರೂ ಒತ್ತಡ ಇಳಿಯದಿದ್ದರೆ ಅದು ಮೊದಲಿನಿಂದಲೇ ಇದ್ದ ಬಿಪಿ ಇರಬಹುದೆಂದು ಪರೀಕ್ಷೆಗಳು ಬೇಕಾಗುತ್ತವೆ.

ಗರ್ಭನಿರೋಧಕದ ಮಾತು ಬಂದಾಗ ನಿಮಗೆ ಬಿಪಿ ಇದೆಯೆಂಬುದನ್ನು ನೆನಪಿಸಿ. ಈಸ್ಟ್ರೋಜೆನ್‌ ಇರುವ ಸಂಯುಕ್ತ ಗುಳಿಗೆಗಳು ಒತ್ತಡ ಏರಿಸುವುದರಿಂದ ನಿಮಗೆ ತಕ್ಕವಲ್ಲ. ಕಾಪರ್‌ ಟಿ ಅಥವಾ ಪ್ರೊಜೆಸ್ಟೋಜೆನ್‌ ಮಾತ್ರವಿರುವ ವಿಧಾನಗಳನ್ನು ಕೇಳಿ. ಹಾಲು ಬಿಡಿಸಿದ ಮೇಲೆ ವೈದ್ಯರು ಮತ್ತೆ ‘ಸಾರ್ಟನ್‌’ ಬರೆದುಕೊಟ್ಟರೆ, ಗರ್ಭನಿರೋಧಕ ಯಾವುದೆಂಬುದನ್ನೂ ಅದೇ ಭೇಟಿಯಲ್ಲಿ ನಿರ್ಧರಿಸಿಕೊಳ್ಳಿ; ಎರಡನೆಯ ಮಗುವಿನ ಯೋಚನೆ ಬಂದ ದಿನ ಆ ಸ್ಟ್ರಿಪ್‌ ಅನ್ನು ಕೈಯಲ್ಲಿ ಹಿಡಿದು ಮತ್ತೆ ಅದೇ ವೈದ್ಯರ ಬಳಿಗೆ ಹೋಗಬೇಕಾಗುತ್ತದೆ.